ಇಲ್ಲದ ಕಚ್ಚು

ಏಪ್ರಿಲ್ 8, ಮಂಗಳವಾರ

ಐದು ಗಾಡಿ. ಮೂರು ಪಾಸು, ಎರಡು ಫೇಲು. ಬಿಸಿಲು ಬಿದ್ದ ಕೂಡಲೇ ನಮ್ಮ ಕೊರ್ವೆನ್ ಊರಿನ ಬೈಕುಗಳೆಲ್ಲ ವರ್ಷದ ಪರೀಕ್ಷೆಗೆ ಹೊರಡುತ್ತವೆ — ಬ್ಯಾಟರಿ ಸತ್ತು, ಟೈರು ಬಿರಿದು, ಬ್ರೇಕು ಹಿಡಿದುಕೊಂಡು. ಓಡಿಸಿ ಕೆಟ್ಟವಕ್ಕಿಂತ ಶೆಡ್ಡಿನಲ್ಲಿ ನಿಲ್ಲಿಸಿ ಕೆಟ್ಟವೇ ಹೆಚ್ಚು. ಜನರಲ್ಲೂ ಹಾಗೇ ಇರಬಹುದು. ಅದಕ್ಕೆ ಫಾರ್ಮು ಇಲ್ಲ.

ಕೊನೆಯ ಗಾಡಿಯದು ಫೋರ್ಕಿನ ಸೀಲು ಹೋಗಿ ಎಣ್ಣೆಯೆಲ್ಲ ಡಿಸ್ಕಿನ ಮೇಲೆ. ಚೈನು ಮಾತ್ರ ಒಣ ತುಕ್ಕು. ಹಾಳೆಯ ಹಿಂದೆ ಗೀಚಿದೆ:

ಚೈನಿಗಿಲ್ಲ ತೊಟ್ಟು ಎಣ್ಣೆ,
ಬ್ರೇಕಿಗೆಲ್ಲ ಬಳಿದ ಬೆಣ್ಣೆ.

ಪಕ್ಕದಲ್ಲಿ ಕಾರು ನೋಡುವ ಕ್ಲೆಡ್ ಓದಿ, ಇದನ್ನೇ ಸರ್ಟಿಫಿಕೇಟಿನಲ್ಲಿ ಬರೆ, ಫೇಲಾದವನು ನಕ್ಕೊಂಡಾದರೂ ಹೋಗಲಿ ಎಂದ.

ಮುಂದಿನ ಮಂಗಳವಾರ ಹತ್ತಕ್ಕೆ, ನನಗೆ ಈ ಕೆಲಸ ಕಲಿಸಿದ ಇದ್ವಾಲ್ ಮೇಷ್ಟ್ರ ಗಾಡಿ. ಗುರುವಿನ ಬೈಕಿಗೆ ಶಿಷ್ಯೆಯ ಪರೀಕ್ಷೆ. ಹನ್ನೆರಡು ವರ್ಷದಿಂದ ಒಂದು ಅಡ್ವೈಸರಿ — ಪಾಸು, ಆದರೆ ಇದನ್ನು ನೋಡಿಕೊಳ್ಳಿ ಎನ್ನುವ ಸೂಚನೆ — ಕೂಡ ಬರೆಯಲು ಆಗಿಲ್ಲ.

ಏಪ್ರಿಲ್ 11, ಶುಕ್ರವಾರ

ಐದಕ್ಕೆ ಶಟರ್ ಎಳೆಯುವಾಗ ಮೆರೆರಿದ್ ಬಂದಳು. ಮೇಷ್ಟ್ರ ಮಗಳು. ನನ್ನ ಜೊತೆ ಓದಿದವಳು, ಈಗ ಅದೇ ಶಾಲೆಯ ಅಡುಗೆಮನೆಯಲ್ಲಿ. ಕೋಟು ಬಿಚ್ಚದೆ ನಿಂತೇ ಹೇಳಿದಳು.

ಫೆಬ್ರವರಿಯಲ್ಲಿ ಅಪ್ಪ ಪೆಟ್ರೋಲ್ ಬಂಕಿನಲ್ಲಿ ಬೈಕು ನಿಲ್ಲಿಸಿ ಕಾಲು ಊರುವುದನ್ನೇ ಮರೆತು ಗಾಡಿ ಸಮೇತ ಬಿದ್ದರಂತೆ. ಕಳೆದ ವಾರ ಚಾಪೆಲ್ ಹತ್ತಿರ ಹೆದ್ದಾರಿಗೆ ಬರುವಾಗ ಬಲಗಡೆಯ ಹಾಲಿನ ಟ್ಯಾಂಕರ್ ಕಾಣಲೇ ಇಲ್ಲವಂತೆ. ಟ್ಯಾಂಕರ್ ಬೇಲಿಗೆ ನುಗ್ಗಿ ನಿಂತಿತು. ಡ್ರೈವರ್ ಇಳಿದು ಬಂದ. ಮೇಷ್ಟ್ರು ಅವನಿಗೇ ಬ್ರೇಕು ತೋರಿಸಿಕೋ ಎಂದು ಬೈದು ಮುಂದೆ ಹೋದರು.

ವಯಸ್ಸು ಎಪ್ಪತ್ತೆಂಟು. ಲೈಸೆನ್ಸಿಗೆ ಮೂರು ವರ್ಷಕ್ಕೊಮ್ಮೆ ತಾವೇ ಬರೆದುಕೊಟ್ಟರೆ ಸಾಕು — ಕಣ್ಣು ಸರಿ, ಮೈ ಸರಿ. ಬರೆದುಕೊಡುತ್ತಾರೆ. ಗಾಡಿಗೆ ವರ್ಷಾವರ್ಷ ಪರೀಕ್ಷೆ, ಓಡಿಸುವವನಿಗೆ ಸ್ವಂತ ಸಹಿ.

"ನಾನು ಹೇಳಿದ್ರೆ ಮಗಳ ಗೊಣಗಾಟ. ನೀನು ಬರೆದ್ರೆ ಕಾನೂನು," ಎಂದಳು. "ಏನಾದ್ರೂ ಒಂದು ಬರೆದು ಫೇಲ್ ಮಾಡೇ ನೆಸ್ಟ. ಸ್ವಲ್ಪ ದಿನ ಗಾಡಿ ನಿಂತ್ರೆ ಅವರೇ ಬಿಡ್ತಾರೆ. ಮುಂದಿನ ಸಲ ಟ್ಯಾಂಕರಿನವನು ನಿಲ್ಲಿಸ್ತಾನೆ ಅಂತ ಏನು ಗ್ಯಾರಂಟಿ?"

ಇಲ್ಲದ್ದನ್ನು ಬರೆಯಲಾರೆ ಎಂದೆ. ಅತ್ತಿದ್ದರೆ ಬೈದು ಕಳಿಸಬಹುದಿತ್ತು. ಅಳಲಿಲ್ಲ. ತಲೆಯಾಡಿಸಿ ಹೋದಳು.

ಏಪ್ರಿಲ್ 13, ಭಾನುವಾರ

ಹದಿನೇಳು ವರ್ಷದ ಹುಡುಗಿಯಾಗಿದ್ದ ನನ್ನನ್ನು ಈ ಕಣಿವೆಯಲ್ಲಿ ಬೇರೆ ಯಾವ ಗ್ಯಾರೇಜೂ ಒಳಗೆ ಬಿಡದಿದ್ದಾಗ ಮೇಷ್ಟ್ರು ಇಲ್ಲಿಗೆ ಬಿಟ್ಟುಕೊಂಡರು. ಮೊದಲ ತಿಂಗಳು ಸ್ಪಾನರ್ ಕೊಡಲಿಲ್ಲ. ಮುಂದಿನ ಚಕ್ರ ಎತ್ತಿಟ್ಟ ಬೈಕುಗಳ ಹ್ಯಾಂಡಲ್ ತಿರುಗಿಸುವುದಷ್ಟೇ ಕೆಲಸ. ಕಣ್ಣು ಮುಚ್ಚಿ. ಕಣ್ಣು ಮಧ್ಯೆ ಬಾಯಿ ಹಾಕುತ್ತೆ ಎನ್ನುತ್ತಿದ್ದರು. ಸ್ಟೀರಿಂಗ್ ಬೇರಿಂಗ್ ಸವೆದಿದ್ದರೆ ಹ್ಯಾಂಡಲ್ ನೇರಕ್ಕೆ ಬಂದಾಗ ಒಂದು ಕಚ್ಚು ಸಿಗುತ್ತದೆ — ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ. ಸಿಕ್ಕರೆ ಹೇಳು. ಸಿಗದಿದ್ದರೆ ಸಿಕ್ಕಿತು ಅನ್ನಬೇಡ. ಪಾಠ ಅಷ್ಟೇ.

ಮೂವತ್ತೊಂದು ವರ್ಷ ಪರೀಕ್ಷೆ ಮಾಡಿದವರು. ಭಾವಮೈದುನನ ಗಾಡಿಯನ್ನು ಅವನ ಮದುವೆಯ ಬೆಳಿಗ್ಗೆಯೇ ಫೇಲ್ ಮಾಡಿದರು. ಮದುಮಗ ಕುರಿ ಸಾಗಿಸುವ ಲಾರಿಯಲ್ಲಿ ಚಾಪೆಲ್ಲಿಗೆ ಹೋದ. ಆ ಮನೆಯವರು ಎರಡು ವರ್ಷ ಮಾತು ಬಿಟ್ಟಿದ್ದರು.

ಟ್ಯಾಂಕರ್ ಕಣ್ಣ ಮುಂದೆ ಬರುತ್ತಲೇ ಇದೆ.

ಏಪ್ರಿಲ್ 15, ಮಂಗಳವಾರ, ಮಧ್ಯಾಹ್ನ

ಮಾಡಿಬಿಟ್ಟೆ.

ಮೂವತ್ತು ವರ್ಷದ ಗಾಡಿ, ನನ್ನ ಅಡುಗೆಮನೆಗಿಂತ ಚೊಕ್ಕ. ಬ್ರೇಕಿಗೆ ಯಂತ್ರ ಅಂಕಿ ಕೊಡುತ್ತದೆ. ಟೈರಿಗೆ ಅಳತೆಕಡ್ಡಿ ಇದೆ. ದೀಪ, ಹಾರ್ನು ಎಲ್ಲರ ಕಣ್ಣಿಗೆ, ಕಿವಿಗೆ ಗೊತ್ತಾಗುತ್ತವೆ. ಸ್ಟೀರಿಂಗ್ ಬೇರಿಂಗಿಗೆ ಮಾತ್ರ ಪರೀಕ್ಷಕರ ಕೈ ಹೇಳಿದ್ದೇ ಮಾತು. ಬಿಚ್ಚಿ ನೋಡುವ ಹಾಗಿಲ್ಲ. ಸುಳ್ಳಿಗೆ ಇದ್ದ ಜಾಗ ಅದೊಂದೇ.

ತಿರುಗಿಸಿದೆ. ನೀರಿನಲ್ಲಿ ಕೈಯಾಡಿಸಿದ ಹಾಗೆ ಹೋಯಿತು, ಬಂತು. ಇನ್ನೊಮ್ಮೆ ತಿರುಗಿಸಿದೆ — ನಟಿಸಲು. ಮೇಷ್ಟ್ರು ಗಿರಾಕಿಗಳು ದಾಟಬಾರದ ಹಳದಿ ಗೆರೆಯ ಆಚೆ ಚಹಾ ಹಿಡಿದು ನಿಂತಿದ್ದರು. ಕಂಪ್ಯೂಟರಿಗೆ ಬರೆದೆ: ಸ್ಟೀರಿಂಗ್ ಬೇರಿಂಗ್, ನಡುವೆ ಕಚ್ಚು. ಮೇಜರ್. ಫೇಲ್.

ಕಿರುಚುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ಉತ್ತರವೂ ತಯಾರಿತ್ತು. ಕನ್ನಡಕ ಹಾಕಿ ಹಾಳೆಯನ್ನು ಎರಡು ಸಲ ಓದಿದರು.

"ನಿನ್ನೆ ಸಂಜೆ ನಾನೇ ತಿರುಗಿಸಿದ್ದೆ ಕಣೇ. ನನಗೇನೂ ಸಿಗಲಿಲ್ಲ."

ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿ ಹಾಕಬಹುದು, ಇನ್ಸ್‌ಪೆಕ್ಟರ್ ಬಂದು ನೋಡುವವರೆಗೆ ಗಾಡಿ ಮುಟ್ಟಬಾರದು ಎಂದೆ. ಹೇಳಲೇಬೇಕಾದ ಮಾತು. ಹಾಕಿದ್ದರೆ ಇನ್ಸ್‌ಪೆಕ್ಟರ್ ಬಂದ ದಿನವೇ ಸುಳ್ಳು ಬಯಲಾಗಿ ಪರೀಕ್ಷೆ ಮಾಡುವ ನನ್ನ ಅಧಿಕಾರ ಹೋಗುತ್ತಿತ್ತು.

"ಯಾರ ಮೇಲೆ? ನಿನ್ನ ಮೇಲಾ?" ನಕ್ಕರು. ಆಮೇಲೆ ಬಲಗೈ ಬಿಡಿಸಿ ನೋಡಿಕೊಂಡರು, ಯಾರದೋ ಉಪಕರಣವನ್ನು ಎರವಲು ತಂದವರ ಹಾಗೆ.

ಕ್ಲೆಡ್ ಗಾಡಿಯನ್ನು ವ್ಯಾನಿನಲ್ಲಿ ಹಾಕಿ ಅವರ ಮನೆಗೆ ಬಿಟ್ಟುಬಂದ.

ಏಪ್ರಿಲ್ 20, ಈಸ್ಟರ್

ಕುರಿಮರಿಯ ತೊಡೆ ಬೇಯಿಸಿದೆ. ಉಪ್ಪು ಹಾಕಿದೆನೋ ಇಲ್ಲವೋ. ತಿಂದ ಮೇಲೂ ಗೊತ್ತಾಗಲಿಲ್ಲ.

ಏಪ್ರಿಲ್ 29, ಮಂಗಳವಾರ

ಮರುಪರೀಕ್ಷೆ. ಮೇಷ್ಟ್ರೇ ಹೊಸ ಬೇರಿಂಗ್ ಹಾಕಿದ್ದಾರೆ. ಮೊದಲಾದರೆ ಅರ್ಧ ದಿನದ ಕೆಲಸ, ಈಗ ಐದು ದಿನ. ಪ್ರತಿ ನಟ್ಟನ್ನೂ ಮೂರು ಸಲ ಬಿಗಿದು ನೋಡಿದರಂತೆ. ಓಡಿಸಿಕೊಂಡು ಬರಲಿಲ್ಲ, ವ್ಯಾನಿನಲ್ಲೇ ತಂದರು. ಪಾಸು ಮಾಡಿದೆ.

ಹೊರಡಲಿಲ್ಲ. ಕೋಟಿನ ಜೇಬಿನಿಂದ ಬಿಸ್ಕತ್ತಿನ ಚಿಕ್ಕ ಡಬ್ಬಿ ತೆಗೆದು ಬೆಂಚಿನ ಮೇಲಿಟ್ಟರು. ಒಳಗೆ ಹಳೆಯ ಬೇರಿಂಗಿನ ಉಕ್ಕಿನ ಬಳೆಗಳು. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದ್ದರು. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಒಂದು ಗೀರಿಲ್ಲ.

"ಮನೇಲಿ ನೋಡಿದೆ. ಕಣ್ಣಿಗೂ ಕಾಣಲ್ಲ, ಕೈಗೂ ಸಿಗಲ್ಲ," ಎಂದರು. "ಎಲ್ಲಿದೆ, ತೋರಿಸು. ನನ್ನ ಬೆರಳು ಹಿಡಿದು ಅದರ ಮೇಲಿಡು."

ಕ್ಲೆಡ್ ಏನೋ ನೆಪ ಮಾಡಿ ಹೊರಗೆ ಹೋದ. ಅವನಿಗೆ ಬಳೆ ಕಂಡಿತ್ತು.

ಆಗಲೇ ಹೇಳಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಕಣ್ಣ ಮುಂದೆ ಬಂದದ್ದು ಟ್ಯಾಂಕರ್. ಅವರ ತೋರುಬೆರಳು ಹಿಡಿದೆ. ಬಳೆಯ ಒಂದು ಕಡೆ ಇಟ್ಟೆ. ಎಲ್ಲಾದರೂ ಇಡಬಹುದಿತ್ತು, ಎಲ್ಲ ಕಡೆಯೂ ಒಂದೇ ನುಣುಪು. "ಇಲ್ಲಿ," ಎಂದೆ.

ಕಣ್ಣು ಮುಚ್ಚಿದರು. ಬೆರಳು ಹಿಂದೆ ಮುಂದೆ ಹೋಯಿತು. ಬಹಳ ಹೊತ್ತು.

"ಹೂಂ," ಎಂದರು. "ಹೌದು. ಸಿಕ್ತು."

ಡಬ್ಬಿಯನ್ನು ಇಲ್ಲೇ ಬಿಟ್ಟು ಹೋದರು. ಹೊಸದಾಗಿ ಕೆಲಸಕ್ಕೆ ಬರುವವರಿಗೆ ತೋರಿಸು ಎಂದರು.

ಮೇ 2, ಶುಕ್ರವಾರ

ಡಬ್ಬಿ ಗುಜರಿಯವನಿಗೆ ಹಾಕಿದೆ. ಬೆಂಚಿನ ಮೇಲೆ ಅದನ್ನಿಟ್ಟುಕೊಂಡು ಕೆಲಸ ಮಾಡಲು ಆಗುವುದಿಲ್ಲ.

ಮೇ 16, ಶುಕ್ರವಾರ

ಮೆರೆರಿದ್ ಒಣದ್ರಾಕ್ಷಿಯ ಬ್ರೆಡ್ಡು ಮಾಡಿ ತಂದಳು. ಅಪ್ಪ ಗಾಡಿಯನ್ನು ರೆಕ್ಸಮ್ ಪಟ್ಟಣದವನೊಬ್ಬನಿಗೆ ಮಾರಿದರಂತೆ. ಒಂದು ಮಾತು ಜಗಳವಿಲ್ಲ. ಫೆಬ್ರವರಿಯಿಂದ ಈಚೆಗೆ ಮೊದಲ ಸಲ ನೆಮ್ಮದಿಯಾಗಿ ಮಲಗಿದೆ ಎಂದಳು. ನನ್ನನ್ನು ತಬ್ಬಿಕೊಂಡಳು. ಬ್ರೆಡ್ಡನ್ನು ಕ್ಲೆಡ್ ತಿಂದ. ಬಳೆಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಪ್ರಾಸ ಬರೆದು ಒಂದು ತಿಂಗಳಾಯಿತು. ಕ್ಲೆಡ್ ಕೇಳಿದ. ಗಾಡಿಗಳೇ ಸಪ್ಪೆ ಬರುತ್ತಿವೆ ಎಂದೆ.

ಜುಲೈ 3, ಗುರುವಾರ

ಅಂಗಡಿಯಲ್ಲಿ ಮೆರೆರಿದ್ ಸಿಕ್ಕಳು. ಬುಟ್ಟಿಯ ತುಂಬ ಹೆಚ್ಚಿಟ್ಟ ತರಕಾರಿ, ಕತ್ತರಿಸಿದ ಬ್ರೆಡ್ಡು. ಅಪ್ಪ ಚಾಕು ಮುಟ್ಟುತ್ತಿಲ್ಲವಂತೆ. ಬ್ರೆಡ್ಡಿಗೆ ಬೆಣ್ಣೆ ಸವರಲೂ ಅವಳೇ. ಅಂಗಿಯ ಗುಂಡಿ ಹಾಕಿಕೊಂಡು, ಸರಿಯಾಗಿದೆಯಾ ನೋಡು ಎನ್ನುತ್ತಾರಂತೆ. ಗ್ಯಾಸ್ ಆರಿಸಿ, ಆರಿದೆಯಾ ನೋಡು. ಪಕ್ಕದ ಮನೆಯ ಗಡಿಯಾರ ರಿಪೇರಿಗೆ ಬಂದಿತ್ತು, ಮುಟ್ಟದೆ ವಾಪಸು ಕಳಿಸಿದರಂತೆ. ಇಡೀ ದಿನ ಕೈ ಮಡಿಲಲ್ಲಿಟ್ಟು ಕಿಟಕಿಯ ಹತ್ತಿರ.

"ಗಾಡಿ ಬಿಡಿಸು ಅಂದೆ ನೆಸ್ಟ," ಎಂದಳು. "ಕೈ ಬಿಡಿಸು ಅನ್ನಲಿಲ್ಲ."

ತಪ್ಪು ನನ್ನ ಮೇಲೆ ಹಾಕಲು ಹೇಳಿದ್ದಲ್ಲ. ಹಾಕಿದ್ದರೆ ಒಳ್ಳೆಯದಿತ್ತು.

ಭಾನುವಾರ ಹೋಗಿ ಹೇಳಿಬಿಡುತ್ತೇನೆ. ಗಾಡಿ ಹೇಗೂ ಇಲ್ಲ. ಬೈದರೆ ಬೈಯಲಿ. ಕೈ ವಾಪಸು ಬಂದರೆ ಸಾಕು.

ಜುಲೈ 6, ಭಾನುವಾರ, ಸಂಜೆ

ನಾಲ್ಕಕ್ಕೆ ಹೋದೆ. ಮೆರೆರಿದ್ ಚಹಾ ಇಟ್ಟು ಹಿತ್ತಲಿಗೆ ಹೋದಳು. ಮೇಷ್ಟ್ರು ಎರಡೂ ಕೈಯಲ್ಲಿ ಲೋಟ ಹಿಡಿದಿದ್ದರು.

ಆ ಬೇರಿಂಗ್ ವಿಷಯ ಎಂದು ಶುರು ಮಾಡಿದೆ. ಅವರೇ ಮಾತು ಹಿಡಿದರು.

"ನಾನೂ ಅದನ್ನೇ ಯೋಚಿಸ್ತಿರೋದು. ಯಾವತ್ತಿಂದ ಹೋಗಿದೆಯೋ ಈ ಕೈ. ಒಂದೇ ದಿನಕ್ಕೆ ಹೋಗಲ್ಲ ನೋಡು. ಎಮ್ಲಿನ್ ನೆನಪಿದಾನಾ?"

ನೆನಪಿದ್ದಾನೆ. ಮೇಷ್ಟ್ರು ನಿವೃತ್ತರಾಗುವ ಹಿಂದಿನ ಬೇಸಿಗೆ. ಇಪ್ಪತ್ತೆಂಟು ವಯಸ್ಸು, ಹೊಸದಾಗಿ ತಂದೆಯಾದವನು. ಮೇಷ್ಟ್ರು ಗಾಡಿ ಪಾಸು ಮಾಡಿ ಮೂರು ವಾರಕ್ಕೆ ಲಾಳದ ಘಾಟಿಯ ತಿರುವಿನಲ್ಲಿ ಕೆಳಗೆ ಬಿದ್ದು ಸತ್ತ. ವಿಚಾರಣೆ ನಡೆಯಿತು. ಗಾಡಿಯಲ್ಲಿ ದೋಷವಿಲ್ಲ, ವೇಗ ಹೆಚ್ಚು ಎಂದರು. ಯಾರೂ ಮೇಷ್ಟ್ರ ಕಡೆ ಬೆರಳು ತೋರಿಸಲಿಲ್ಲ.

"ತಿರುವಲ್ಲಿ ಹ್ಯಾಂಡಲ್ ಕಚ್ಚಿರಬೇಕು," ಎಂದರು. "ನನ್ನ ಕೈಗೆ ಸಿಗದೇ ಹೋಗಿದೆ. ಮೊನ್ನೆ ನನ್ನ ಗಾಡೀದೂ ಸಿಗಲಿಲ್ಲವಲ್ಲ, ಹಾಗೇ. ಅವನ ಹೆಂಡತಿ ಇನ್ನೂ ಚಾಪೆಲ್ಲಲ್ಲಿ ತನ್ನ ಪಕ್ಕ ನನಗೆ ಅಂತ ಜಾಗ ಹಿಡಿದಿಡ್ತಾಳೆ. ಹೇಳಿಬಿಡೋಣ ಅಂತಿದೀನಿ ಅವಳಿಗೆ."

ಲೋಟ ಕೆಳಗಿಟ್ಟೆ. ಎಲ್ಲ ಹೇಳಿದೆ. ಕಚ್ಚು ಇರಲಿಲ್ಲ. ಮೆರೆರಿದ್ ಬಂದದ್ದು, ಟ್ಯಾಂಕರ್, ನಾನು ಸುಳ್ಳು ಬರೆದದ್ದು. ನಿಮ್ಮ ಕೈ ಸರಿಯಿತ್ತು ಮೇಷ್ಟ್ರೇ, ತಪ್ಪಿದ್ದು ನನ್ನ ಕೈ ಎಂದೆ. ಒಂದೂ ಬಿಡಲಿಲ್ಲ.

ಪೂರ್ತಿ ಕೇಳಿದರು. ಮುಖ ಮೆತ್ತಗಾಯಿತು. ನನ್ನ ಮಂಡಿ ತಟ್ಟಿದರು.

"ಒಳ್ಳೆಯವಳು ಕಣೇ ನೀನು. ಮುದುಕನಿಗೆ ಸಮಾಧಾನ ಹೇಳೋಕೆ ನಿನ್ನ ಮೇಲೇ ಹಾಕ್ಕೋತೀಯಾ. ಬೇಡ. ನೀನು ಸುಳ್ಳು ಬರೆಯೋಳಲ್ಲ. ಬರೆದದ್ದನ್ನ ಬಾಯಲ್ಲಿ ಅಳಿಸಬೇಡ."

ಬಳೆಗಳು ನುಣ್ಣಗಿದ್ದವು, ನೀವೇ ನೋಡಿದಿರಿ ಎಂದೆ.

"ನೀನು ಬೆರಳು ಇಟ್ಟ ಮೇಲೆ ನಂಗೂ ಸಿಕ್ತಲ್ಲ," ಎಂದರು. "ಅಲ್ಲಿತ್ತು."

ಮೆರೆರಿದ್‌ಳನ್ನು ಕರೆದು ಹೇಳಿಸಿದೆ. ಅವಳು ಅತ್ತುಕೊಂಡು ಹೇಳಿದಳು. ಇಬ್ಬರೂ ಸೇರಿ ಕಟ್ಟಿದ ಕಥೆ ಚೆನ್ನಾಗಿದೆ, ಈಗ ಚಹಾ ಕುಡಿಯಿರಿ ಎಂದರು ಮೇಷ್ಟ್ರು.

ಮುಂದಿನ ಭಾನುವಾರ ಚಾಪೆಲ್ ಮುಗಿದ ಮೇಲೆ ಎಮ್ಲಿನ್ ಹೆಂಡತಿಯ ಹತ್ತಿರ ಮಾತಾಡುತ್ತಾರಂತೆ.

ಜುಲೈ 7, ಸೋಮವಾರ

ಗುಜರಿಯವನ ಹತ್ತಿರ ಹೋದೆ. ಮೇ ತಿಂಗಳ ಕಬ್ಬಿಣ ಮೇ ತಿಂಗಳಲ್ಲೇ ಕರಗಿತು ಎಂದ. ಅದರಲ್ಲೇನಿತ್ತು, ಚಿನ್ನವಾ ಎಂದು ಕೇಳಿದ.

ಕ್ಲೆಡ್‌ಗೆ ಹೇಳಿದೆ. ಅವತ್ತೇ ಗೊತ್ತಿತ್ತು ಎಂದ. ಮೇಷ್ಟ್ರಿಗೆ ನೀನಾದರೂ ಹೇಳು ಎಂದೆ. ಅವನು ಆಗದು ಎಂದು ತಲೆಯಾಡಿಸಿದ. "ಬಾಯಿಮಾತು ಅವರು ಯಾವತ್ತು ನಂಬಿದಾರೆ? ಅವರಿಗೆ ಕಾಗದ ಬೇಕು." ಆಮೇಲೆ ಮೆಲ್ಲಗೆ, "ಬರೆದ್ರೆ ನಾಳೆಯಿಂದ ನೀನು ಈ ಬಾಗಿಲು ದಾಟಂಗಿಲ್ಲ. ಗೊತ್ತು ತಾನೇ?"

ಗೊತ್ತು. ಇಪ್ಪತ್ತೆಂಟು ವರ್ಷ ಈ ಬಾಗಿಲು.

ಜುಲೈ 8, ಮಂಗಳವಾರ, ಬೆಳಿಗ್ಗೆ

ಇಲಾಖೆಗೆ ಒಂದು ಕಾಗದ, ಮೇಷ್ಟ್ರಿಗೆ ಅದರ ನಕಲು. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಮಾನ್ಯರೇ, ಏಪ್ರಿಲ್ 15ರಂದು ನಾನು ಪರೀಕ್ಷಿಸಿದ ಮೋಟರ್‌ಸೈಕಲ್ಲಿನ ಹ್ಯಾಂಡಲ್ ಎರಡೂ ಕಡೆಗೆ ಸರಾಗವಾಗಿ ತಿರುಗುತ್ತಿತ್ತು. ಅದರ ಮಾಲೀಕರು ಹಿಂದಿನ ಸಂಜೆ ತಮ್ಮ ಕೈಯಿಂದಲೇ ಅದನ್ನು ಸರಿಯಾಗಿ ತಿಳಿದುಕೊಂಡಿದ್ದರು. ಕಚ್ಚು ಇದೆ ಎಂದು ನಾನು ಬರೆದದ್ದು ಸುಳ್ಳು.