ಹಾಳುಮಠದ ಹಗೇವು

೮ ಆಗಸ್ಟ್, ಗುರುವಾರ

ಮತ್ತೆ ಬ್ಯಾಟರಿ ಚಾರ್ಜು. ಮತ್ತೆ ಮೈಕಿನ ಸ್ಪಂಜು ತೊಳೆದು ಒಣಹಾಕಿದ್ದು. ದಿನವಿಡೀ ಕಾಲೇಜಿನ ಲ್ಯಾಬಿನಲ್ಲಿ ಹುಡುಗರು ಒಡೆದ ಗಾಜು ಗುಡಿಸುವುದು, ಮನೆಗೆ ಬಂದು ದೆವ್ವ ಹಿಡಿಯುವ ಸಾಮಾನು ಒರೆಸುವುದು — ಇದು ನನ್ನ ಬಾಳು. ದೀಪಾ ನಕ್ಕಳು. ಮನೆಯ ಇಲಿ ಹಿಡಿಯಲಿಕ್ಕೆ ಬಾರದ ಗಂಡ ದೆವ್ವ ಹಿಡಿಯಲಿಕ್ಕೆ ಹೊರಟಿದ್ದಾನಂತೆ.

ಶಿವಕಾಂತ ಫೋನು ಮಾಡಿದ್ದ. ದೆವ್ವ ಹುಡುಕುವ ಯೂಟ್ಯೂಬ್ ಚಾನೆಲ್ ಅವನದು, ಮುಖ ಅವನದು. ನಾನು ಬರೀ ಸೌಂಡು, ಎಡಿಟಿಂಗು, ಅಪ್‌ಲೋಡು; ಪಾಸ್‌ವರ್ಡು ನನ್ನ ಹತ್ತಿರವೇ. ಡಿಗ್ರಿಯಿಂದ ಜೊತೆಗಿದ್ದೇವೆ. ಅವನದು ಲಿಂಗಸುಗೂರಿನ ಅಯ್ಯನವರ ಮನೆತನ, ಮಂತ್ರ ಬಾಯಿಗೆ ಬರುತ್ತವೆ, ಕ್ಯಾಮೆರಾದಲ್ಲಿ ವಿಭೂತಿ ಎದ್ದು ಕಾಣುತ್ತದೆ. ನನಗೆ ದೇವರೂ ಇಲ್ಲ, ದೆವ್ವವೂ ಇಲ್ಲ. ಮನೆಯಲ್ಲಿ ಬುದ್ಧನ ಫೋಟೊ ಇದೆ, ಅವನು ಏನೂ ಕೇಳುವುದಿಲ್ಲ. ರವಿವಾರ ವಳಕಮದಿನ್ನಿ ಕಡೆಯ ಹಳೆ ಬಂಗಲೆ ಅಂದ. ಆಯಿತು ಅಂದೆ. ದೆವ್ವ ಇದ್ದರೆ ಕೂಗುತ್ತದೆ ಅಂತ ಅವನು ತೋರಿಸುವ ಆ ಮೀಟರು ಮೊಬೈಲ್ ಹತ್ತಿರ ಹೋದರೂ ಕುಂಯ್‌ಗುಡುತ್ತದೆ. ಜನ ಅದನ್ನೇ ನೋಡುತ್ತಾರೆ. ಹುಚ್ಚರು.

೧೧ ಆಗಸ್ಟ್, ರವಿವಾರ. ಸಂಜೆ

ಆದದ್ದನ್ನೆಲ್ಲ ಸರಿಯಾಗಿ ಬರೆದಿಡಬೇಕು.

ಬೆಳಿಗ್ಗೆ ಶಿವಕಾಂತ ಜಾಗ ಬದಲಿಸಿದ. ಬಂಗಲೆ ಬೇಡ, ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಒಳಗೆ ಗುಡ್ಡದ ಮೇಲೆ ಹಾಳುಮಠವಿದೆ, ಮಟಮಟ ಮಧ್ಯಾಹ್ನವೇ ಹೋಗೋಣ ಅಂದ. ಮಧ್ಯಾಹ್ನದ ದೆವ್ವ ರಾತ್ರಿಯದಕ್ಕಿಂತ ಕೆಟ್ಟದ್ದು ಅಂತ ನಮ್ಮ ಕಡೆ ಕೂಸಿಗೂ ಗೊತ್ತು. ಒಪ್ಪಿದೆ.

ಸಾವಿರ ವರ್ಷದ ಮಠ. ಉಳಿದದ್ದು ನಾಲ್ಕಾರು ಕಂಬ, ಯಾರೋ ಸ್ವಾಮಿಗಳ ಸಮಾಧಿಯ ಗದ್ದುಗೆ, ಅಂಗಳದಲ್ಲಿ ಒಂದು ಹಗೇವು — ಆಗ ದಾಸೋಹದ ಜೋಳ ತುಂಬಿಡುತ್ತಿದ್ದ ಆಳವಾದ ನೆಲಗುಂಡಿ. ಬಾಯಿಗೆ ಚಪ್ಪಡಿ ಮುಚ್ಚಿತ್ತು. ಗದ್ದುಗೆಯ ಒಂದು ಮೂಲೆ ಹೊಸದಾಗಿ ಒಡೆದಿತ್ತು. ನಿಧಿಗಳ್ಳರು ಸುಳೇಮಕ್ಕಳು ಸ್ವಾಮಿಗಳನ್ನೂ ಬಿಡುವುದಿಲ್ಲ ಅಂತ ಬೈದೆ. ಶಿವಕಾಂತ ಕ್ಯಾಮೆರಾ ಆನ್ ಮಾಡಿದ.

ಶೂಟಿಂಗ್ ಶುರು. ಯಾರಿದ್ದೀರಿ, ಏನು ಬೇಕು ಅಂತ ಗಾಳಿಗೆ ಕೇಳುತ್ತ ಕಂಬದಿಂದ ಕಂಬಕ್ಕೆ ಓಡಾಡಿದ. ಉತ್ತರವಿಲ್ಲ. ನಾನು, ಸಾಕು ಬಿಡೋ, ಬಿಸಿಲು ತಲೆಗೆ ಏರಿದೆ ಅಂದೆ. ಜೋರಾಗಿಯೇ ಅಂದೆ.

ಆಗ ನೆಲದೊಳಗಿಂದ ಬಂತು.

"ಸುನೀಲಾ…"

ಹೆಡ್‌ಫೋನು ಹಾಕಿದ್ದೆ. ನನ್ನ ಹೆಸರು ಹಿಡಿದು ಕಿವಿಯೊಳಗೇ ಕರೆದ ಹಾಗಾಯಿತು. ಗಂಡು ಧ್ವನಿ, ಬಾಯಲ್ಲಿ ಮಣ್ಣು ತುಂಬಿಕೊಂಡಂತೆ. ಇನ್ನೊಮ್ಮೆ. "ಸುನೀಲಾ…"

ಓ ಅನ್ನಲಿಕ್ಕೆ ಬಾಯಿ ತೆರೆದೆ. ಶಿವಕಾಂತ ಹಾರಿ ಬಂದು ಅಂಗೈಯಿಂದ ನನ್ನ ಬಾಯಿ ಒತ್ತಿದ. ತುಟಿ ಹಲ್ಲಿಗೆ ಸಿಕ್ಕಿ ಒಡೆಯಿತು. ಕಿವಿಯಲ್ಲಿ ಅಂದ, "ಓ ಅನಬ್ಯಾಡ. ಮೂರನೇದು ಬರಲಿ."

ನಮ್ಮವ್ವ ಮುದುಕಮ್ಮನೂ ಅದನ್ನೇ ಕಲಿಸಿದ್ದು. ದೆವ್ವ ಎರಡು ಸಲ ಕರೆಯುತ್ತದೆ, ಮನುಷ್ಯರಾದರೆ ಮೂರನೇ ಸಲ ಕರೆಯುತ್ತಾರೆ. ಎರಡಕ್ಕೇ ಓ ಅಂದವನು ರಕ್ತ ಕಾರಿಕೊಂಡು ಸಾಯುತ್ತಾನೆ. ಏನೂ ನಂಬದ ನಾನು, ಲ್ಯಾಬಿನ ಅನ್ನ ಉಣ್ಣುವ ನಾನು, ಬಾಯಲ್ಲಿ ರಕ್ತ ಇಟ್ಟುಕೊಂಡು ಮೂರನೆಯದಕ್ಕೆ ಕಾದೆ. ಬರಲಿಲ್ಲ. ಇಬ್ಬರೂ ಗುಡ್ಡ ಇಳಿದು ಓಡಿದೆವು. ಮೊಣಕಾಲು ತರಚಿದೆ.

ದಾರಿಯಲ್ಲಿ ಶಿವಕಾಂತ, ಆ ರೆಕಾರ್ಡಿಂಗ್ ಅಳಿಸಿಹಾಕು ಅಂದ, ಒಳ್ಳೆಯದಲ್ಲ ಅಂದ. ಯಾಕೆ ಅಳಿಸಲಿ? ಇಷ್ಟು ವರ್ಷದಲ್ಲಿ ಮೊದಲ ಸಲ ಏನಾದರೂ ಸಿಕ್ಕಿದೆ.

೧೨ ಆಗಸ್ಟ್, ಸೋಮವಾರ

ಅವನಿಗೆ ಹೇಳದೆ ವಿಡಿಯೊ ಹಾಕಿದೆ. ಧ್ವನಿ ಸ್ವಚ್ಛ ಮಾಡಿ, ಎರಡು ಸಲ ತಿರುಗಿಸಿ ಕೇಳಿಸಿದ್ದೇನೆ. ಮಧ್ಯಾಹ್ನದೊಳಗೆ ನಮ್ಮ ಸಿಂಧನೂರಿನ ಚಹಾದಂಗಡಿಗಳಲ್ಲೆಲ್ಲ ನನ್ನ ಹೆಸರು. ಸ್ಟಾಫ್ ರೂಮಿನಲ್ಲಿ ಸುನೀಲಾ, ಸುನೀಲಾ ಅಂತ ಕರೆದು ಕಾಡಿಸಿದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಶಿವಕಾಂತ ಫೋನು ಮಾಡಿ ಅವ್ವ ಅಕ್ಕ ಅನ್ನದೆ ಬೈದ. ತೆಗೆದುಹಾಕು ಅಂದ. ಆಮೇಲೆ ಫೋನು ಸ್ವಿಚ್ ಆಫ್.

೧೪ ಆಗಸ್ಟ್, ಬುಧವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಪಟ್ಟಿ.

ನಿನ್ನೆ ಬೆಳಿಗ್ಗೆ ಮುನ್ನಿಬೀ ಬಂದಳು, ಗೌಸ್‌ಸಾಬನ ಹೆಂಡತಿ. ಗೌಸ್‌ಸಾಬ್ ಕಂಪ್ರೆಸರ್ ಟ್ರ್ಯಾಕ್ಟರು ಇಟ್ಟುಕೊಂಡು ಬಂಡೆ ಒಡೆಯುವವನು. ಹೋದ ವರ್ಷ ನಮ್ಮ ಶೌಚದ ಗುಂಡಿ ತೋಡುವಾಗ ಬಂಡೆ ಅಡ್ಡ ಬಂದು, ಅವನೇ ಒಡೆದುಕೊಟ್ಟದ್ದು. ನಮ್ಮ ಮನೆಯಲ್ಲಿ ಊಟ ಮಾಡಿದ ಮನುಷ್ಯ. ಶನಿವಾರ ಕೆಲಸಕ್ಕೆ ಹೋದವನು ಬಂದಿಲ್ಲವಂತೆ. ಅವಳ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ನಮ್ಮ ವಿಡಿಯೊ.

"ಅಣ್ಣಾ, ಇದು ದೆವ್ವ ಅಲ್ಲ. ಇದು ನಮ್ಮ ಮನ್ಯಾರ ಧ್ವನಿ," ಅಂದಳು.

ನಿಂತ ನೆಲ ಸರಿಯಿತು. ಕಾರು ತೆಗೆದೆ. ಅವಳು, ಅವಳ ತಮ್ಮ ಅಲ್ಲಾಭಕ್ಷ್, ನಾನು. ಹೊರಡುವ ಮುಂಚೆ ಪೊಲೀಸರಿಗೆ ಹೇಳಿದೆ.

ಮಠದ ಹಗೇವಿನ ಚಪ್ಪಡಿ ಸರಿಸಿದಾಗ ಬಂದ ವಾಸನೆ ಈಗಲೂ ಮೂಗಿನಲ್ಲಿದೆ. ಕೆಳಗೆ ಮಳೆನೀರು ಪಾದ ಮುಳುಗುವಷ್ಟು. ಅದರಲ್ಲಿ ಗೌಸ್‌ಸಾಬ್. ದವಡೆ ಒಡೆದು ಪಕ್ಕಕ್ಕೆ ತಿರುಗಿತ್ತು. ತಲೆಯ ಚರ್ಮ ಕಿವಿಯ ಮೇಲೆ ಇಳಿದಿತ್ತು, ಅದರ ತುಂಬ ಇರುವೆ. ಕಲ್ಲು ಕೆರೆದು ಕೆರೆದು ಬೆರಳಿಗೆ ಉಗುರೇ ಇರಲಿಲ್ಲ. ಉಸಿರು ಇತ್ತು. ಹಗ್ಗ ಕಟ್ಟಿ ಎತ್ತಿದೆವು. ಎತ್ತುವಾಗ ಅವನು ಕೂಗಲಿಲ್ಲ, ನನ್ನನ್ನು ನೋಡಿ ಕಣ್ಣು ಮುಚ್ಚಿದ.

ಆಂಬುಲೆನ್ಸು ಹೋದ ಮೇಲೆ ಅಲ್ಲಾಭಕ್ಷ್ ಬೆಲ್ಟು ಬಿಚ್ಚಿದ. ಬಕಲ್ ಕಡೆಯಿಂದ ಹೊಡೆದ. ಮುಖ, ಬೆನ್ನು, ಅಡ್ಡ ಒಡ್ಡಿದ ಕೈ. ತಲೆಯ ಮೇಲೆ ನಿಂತು ವಿಡಿಯೊ ಮಾಡಿದೆಯಲ್ಲ ಅನ್ನುತ್ತ ಹೊಡೆದ. ಬೆರಳು ಮುರಿದ ಸದ್ದು ಕೇಳಿಸಿತು. ಪೊಲೀಸರ ಜೀಪಿನ ಸದ್ದು ಕೇಳಿದ ಮೇಲೆಯೇ ಬಿಟ್ಟ. ಯಾರು ಹೊಡೆದದ್ದು ಅಂತ ಅವರು ಕೇಳಿದರು. ಗುಡ್ಡದಿಂದ ಬಿದ್ದೆ ಅಂದೆ. ನಾನು ಅವನಾಗಿದ್ದರೂ ಹೊಡೆಯುತ್ತಿದ್ದೆ.

೧೯ ಆಗಸ್ಟ್, ಸೋಮವಾರ. ರಾಯಚೂರು ಆಸ್ಪತ್ರೆ

ಐದು ದಿನ ಇಲ್ಲೇ, ವರಾಂಡದಲ್ಲಿ. ತಲೆ ಕೆಟ್ಟು ಮೊಸರು ಗಡಿಗೆಯಾಗಿದೆ. ಮುನ್ನಿಬೀ ನನ್ನ ಜೊತೆ ಮಾತಾಡುವುದಿಲ್ಲ, ಚಹಾ ಮಾತ್ರ ತಂದುಕೊಡುತ್ತಾಳೆ. ಅದನ್ನು ಕುಡಿಯುವುದು ಬೆಲ್ಟಿನೇಟಿಗಿಂತ ಕಷ್ಟ.

ಇವತ್ತು ಗೌಸ್‌ಸಾಬನ ಬಾಯಿ ಬಂತು. ದವಡೆಗೆ ತಂತಿ, ಹಲ್ಲಿನ ಸಂದಿಯಿಂದ ಮಾತು. ಪೊಲೀಸರು ಬರೆದುಕೊಂಡರು. ನಿಧಿಗಾಗಿ ಗದ್ದುಗೆ ಒಡೆಯಲಿಕ್ಕೆ ಅವನನ್ನು ಕರೆದೊಯ್ದಿದ್ದರು, ನಾಲ್ವರು. ಮೂಲೆ ಒಡೆದ ಮೇಲೆ ಒಳಗೆ ಕುಳಿತ ಭಂಗಿಯ ಎಲುಬು ಕಂಡಿತು. ಇನ್ನು ನಾನು ಕೈ ಹಾಕುವುದಿಲ್ಲ, ಊರಿನವರಿಗೆ ಹೇಳುತ್ತೇನೆ ಅಂದ. ಹಾರೆಯಿಂದ ಹೊಡೆದು, ಹಗೇವಿಗೆ ಎಸೆದು, ಚಪ್ಪಡಿ ಎಳೆದರು. ಹಾರೆ ಹಿಡಿದವನು ಶಿವಕಾಂತ.

ಶಿವಕಾಂತ. ಮಾರನೆಯ ದಿನ ನನ್ನನ್ನು ಕರೆದುಕೊಂಡು ಹೋದದ್ದು, ಜೀವ ಹೋಗಿದೆಯೋ ಇಲ್ಲವೋ ನೋಡಲಿಕ್ಕೆ. ಕ್ಯಾಮೆರಾ ಕೊರಳಿಗಿದ್ದರೆ ಗುಡ್ಡ ಹತ್ತಿದ್ದು ಯಾಕೆ ಅಂತ ಯಾರೂ ಕೇಳುವುದಿಲ್ಲ.

ಪೊಲೀಸರು ಹೋದ ಮೇಲೆ ಗೌಸ್‌ಸಾಬ್ ನನ್ನನ್ನು ಹತ್ತಿರ ಕರೆದ.

"ಮೊದಲ ಅವನ ಧ್ವನಿ ಕೇಳಿ ಉಸಿರು ಹಿಡಕೊಂಡು ಕುಂತಿದ್ದೆ. ಆಮ್ಯಾಲ ನೀ ಮಾತಾಡಿದಿ. ಸುನೀಲ ಬಂದಾನ, ಬದುಕಿದೆ ಅಂದ್ಕೊಂಡೆ. ಎರಡು ಸಲ ಕರದೆ. ನೀ ಓ ಅನಲಿಲ್ಲ. ನೀನೂ ಅವರ ಕಡ್ಯಾಂವ ಅಂತ ತಿಳದು ಬಾಯಿ ಮುಚ್ಚಿದೆ."

ಮೂರನೆಯದು ಯಾಕೆ ಬರಲಿಲ್ಲ ಅಂತ ಈಗ ಗೊತ್ತಾಯಿತು. ಅವನ ಕಾಲು ಹಿಡಿದು ಅತ್ತೆ. ನರ್ಸು ಬಂದು ಹೊರಗೆ ಕಳಿಸಿದಳು.

೨೦ ಆಗಸ್ಟ್

ಬೆಳಗಿನ ಜಾವ ಹೋದ. ಗಾಯ ನಂಜೇರಿತ್ತು.

೨೧ ಆಗಸ್ಟ್, ಬುಧವಾರ

ಮಣ್ಣು ಮಾಡಿ ಬಂದೆವು. ನಾನೂ ಮೂರು ಹಿಡಿ ಹಾಕಿದೆ. ಅಲ್ಲಾಭಕ್ಷ್ ನನ್ನ ಮುರಿದ ಕೈ ನೋಡಿದ.

ಮೂವರು ಸಿಕ್ಕಿದ್ದಾರೆ. ಶಿವಕಾಂತ ಇಲ್ಲ. ಪೊಲೀಸರು ಹುಡುಕುತ್ತಿದ್ದಾರೆ, ಸಿಗುತ್ತಾನೆ, ಕೋರ್ಟು ನಡೆಯುತ್ತದೆ, ಶಿಕ್ಷೆಯೂ ಆದೀತು. ನನಗೆ ಅದೆಲ್ಲ ಬೇಡ. ನನ್ನ ಬಾಯಿ ಒತ್ತಿದ ಆ ಅಂಗೈ ಬೇಕು.

ಸಂಜೆ ಕಸ್ತೂರೆಮ್ಮನ ಫೋನು, ಅವನ ತಾಯಿ. ಡಿಗ್ರಿಯಲ್ಲಿದ್ದಾಗ ಎಷ್ಟು ಸಲ ಉಣಬಡಿಸಿದ್ದಾಳೆ. ಮಗ ಮುಕ್ಕುಂದದಲ್ಲಿ, ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕಿಕೊಂಡ ಗದ್ದೆಯ ಶೆಡ್ಡಿನಲ್ಲಿ ಅಡಗಿದ್ದಾನೆ, ಊಟ ಬಿಟ್ಟಿದ್ದಾನೆ ಅಂದಳು. "ತಮ್ಮಾ, ನೀ ಕರದ್ರ ಹೊರಗ ಬರ್ತಾನ. ನಿನ್ನ ಕೈಯಾಗ ಕೊಡ್ತೀನಿ, ಠಾಣೆಗೆ ಮುಟ್ಟಿಸು. ದಾರ್ಯಾಗ ಯಾರೂ ಮುಟ್ಟಧಂಗ ನೋಡ್ಕೋ."

ಆಯಿತು ಅವ್ವಾ ಅಂದೆ. ಫೋನು ಇಟ್ಟು ಅಲ್ಲಾಭಕ್ಷ್‌ಗೆ ಹಚ್ಚಿದೆ.

೨೨ ಆಗಸ್ಟ್, ಗುರುವಾರ. ಮುಕ್ಕುಂದ

ಕಾರು ಗದ್ದೆ ಬದುವಿನಲ್ಲಿ. ಹಿಂದಿನ ಸೀಟಿನ ಕೆಳಗೆ ಅಲ್ಲಾಭಕ್ಷ್ ಮಲಗಿದ್ದಾನೆ, ಮೇಲೆ ಚಾದರ. ಪಕ್ಕದಲ್ಲಿ ಕೊಡಲಿ. ಉಸಿರು ಮಾತ್ರ ಕೇಳುತ್ತಿದೆ.

ಹಾರ್ನ್ ಹೊಡೆದಿದ್ದೇನೆ. ಹೊರಗೆ ಬರುವವರೆಗೆ ಬರೆಯುತ್ತ ಕೂರುತ್ತೇನೆ. ಆಚೆ ಗದ್ದೆಯಲ್ಲಿ ಹೆಣ್ಣುಮಕ್ಕಳು ನಾಟಿ ಮಾಡುತ್ತಿದ್ದಾರೆ. ಒಬ್ಬಳು ಏನೋ ಹೇಳಿದಳು, ಎಲ್ಲರೂ ನಕ್ಕರು.

ಬಾಗಿಲು ತೆರೆಯಿತು. ಅವನೇ. ಗಡ್ಡ ಬೆಳೆದಿದೆ, ಹಣೆಯಲ್ಲಿ ವಿಭೂತಿ ಇಲ್ಲ. ನನ್ನನ್ನು ನೋಡಿ ಮಕ್ಕಳ ಹಾಗೆ ಅಳುತ್ತಿದ್ದಾನೆ. ಕೈ ಮುಗಿದ. ಬದುವಿನ ಮೇಲೆ ಬರುತ್ತಿದ್ದಾನೆ, ಕೆಸರಿನಲ್ಲಿ ಚಪ್ಪಲಿ ಸಿಕ್ಕಿತು, ಬಿಟ್ಟು ಬರಿಗಾಲಲ್ಲಿ ಬಂದ.

ಹಿಂದೆ ಚಾದರ ಅಲುಗಿತು.

ಓಡು ಅಂದರೆ ಓಡುತ್ತಾನೆ, ಇನ್ನೂ ಅಷ್ಟು ದೂರವಿದೆ. ಅನ್ನದಿದ್ದರೆ — ಬಾಯಿಗೆ ಈಗ ಯಾರ ಕೈಯೂ ಅಡ್ಡ ಇಲ್ಲ. ಕಾರಿನ ಹತ್ತಿರವೇ ಬಂದ. ಗಾಜು ಇಳಿಸು ಅಂತ ಸನ್ನೆ ಮಾಡುತ್ತಿದ್ದಾನೆ. ನಾನು