ಬಿಪಿ ಮೆಷಿನ್ ನನ್ನ ಬ್ಯಾಗಿನಲ್ಲಿತ್ತು

ಅಪ್ಪ,

ಅನ್ನ, ಉಪ್ಪು ಕಡಿಮೆ ಹಾಕಿದ ಸಾರು ಒಲೆಯ ಮೇಲಿವೆ. ಉಪ್ಪಿನಕಾಯಿ ಹುಡುಕಬೇಡಿ, ಪಕ್ಕದ ಮನೆಯ ಪ್ರಭಾ ಆಂಟಿಗೆ ಕೊಟ್ಟುಬಿಟ್ಟೆ.

ಸೋಮವಾರ ಸಂಜೆಯಿಂದ ಬಿಪಿ ಮೆಷಿನ್ ನನ್ನ ಬ್ಯಾಗಿನಲ್ಲೇ ಇತ್ತು. ತೋಳಿನ ಪಟ್ಟಿ ಬದಲಾಯಿಸಲು ಒಯ್ದವಳು ನಿಮಗೆ ಹೇಳಲು ಮರೆತೆ. ಆದರೂ ಮೂರು ದಿನವೂ ಬೆಳಿಗ್ಗೆ ಏಳಕ್ಕೆ ನೀವು ಆ್ಯಪ್‌ನಲ್ಲಿ 126/82 ಎಂದು ತುಂಬಿದ್ದೀರಿ. ನನ್ನ ಫೋನಿನಲ್ಲಿ ಎಲ್ಲ ಸರಿಯಿದೆ ಎಂಬ ಹಸಿರು ಬಂತು. ಅದನ್ನು ನಂಬಿ ನಾನೂ ನಿಮ್ಮನ್ನು ಏನೂ ಕೇಳಲಿಲ್ಲ. ಇವತ್ತು ಬ್ಯಾಗು ತೆರೆದಾಗಲೇ ಮೆಷಿನ್ ನೆನಪಾದದ್ದು.

ಪೀಣ್ಯದ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಷನ್ ಮಾಡಿದವರು ನೀವು. ಯಾರಾದರೂ ಅಳೆಯದೆ ಶೀಟು ತುಂಬಿದರೆ ಆ ಸಿಟ್ಟಿಗೆ ಮನೆಯಲ್ಲಿ ಊಟ ಬಿಡುತ್ತಿದ್ದಿರಿ.

ನೀವು ತುಂಬಿದ್ದನ್ನು ನೋಡಿಯೇ ಡಾಕ್ಟರು ನಿನ್ನೆ, "ಚೆನ್ನಾಗ್ ಕಂಟ್ರೋಲಲ್ಲಿದೆ ಕಣಮ್ಮಾ, ಇನ್ಮೇಲೆ ಒಂದೇ ಮಾತ್ರೆ ಸಾಕು" ಅಂದದ್ದು. ಅವರಿಗೆ ಫೋನ್ ಮಾಡಿ ನಿಜ ಹೇಳುತ್ತೇನೆ. ಅಲ್ಲಿಯವರೆಗೆ ಮೊದಲಿನಂತೆ ಎರಡೂ ಮಾತ್ರೆ ತೆಗೆದುಕೊಳ್ಳಿ.

ಯಾಕೆ ಹೀಗೆ ಮಾಡಿದಿರೆಂದು ಗೊತ್ತು. ಹೋದ ತಿಂಗಳು ನಿಮ್ಮ ಬಿಪಿ ಏರಿ ಆ್ಯಪ್‌ನಲ್ಲಿ ಕೆಂಪು ಬಂದಾಗ ನಾನು ಇಂಟರ್‌ವ್ಯೂ ಬಿಟ್ಟು ಹೂಡಿಯಿಂದ ಓಡಿ ಬಂದೆ. "ಇನ್ನೊಂದ್ಸಲ ಹಿಂಗಾಗಲ್ಲ ಬಿಡೇ" ಅಂದಿರಿ. ಆಮೇಲೆ ಕೆಂಪು ಬರಲೇ ಇಲ್ಲ. ಅಮ್ಮನೂ ಕೊನೆಯ ದಿನದವರೆಗೆ "ಏನಿಲ್ಲ" ಅನ್ನುತ್ತಲೇ ಇದ್ದಳು.

ಮೆಷಿನ್ ಟಿವಿ ಪಕ್ಕ ಇಟ್ಟಿದ್ದೇನೆ. ವಾಕಿಂಗ್‌ನಿಂದ ಬಂದು ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ ಅಳೆಯಿರಿ. ಬಂದದ್ದನ್ನೇ ತುಂಬಿ.

ಇವತ್ತೂ ಇಂಟರ್‌ವ್ಯೂ ಇದೆ. ಫೋನ್ ಸೈಲೆಂಟಿಗೆ ಹಾಕುವುದಿಲ್ಲ.

ತನ್ಮಯಿ