ಕೊನೆಯ ಸ್ಥಾನಕ್ಕೂ ಒಂಬತ್ತು ಜನ

ಅಪ್ಪಾ,

ನಮ್ಮ ಬೇಸ್‌ಬಾಲ್ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಗೆ ನಮ್ಮ ಕರ್ಟ್ ಅಣ್ಣನ ವಿರುದ್ಧ ಬಿದ್ದ ಒಂದೇ ಒಂದು ಮತ ನನ್ನದು. "ಯಾವ ಕುರುಡ ಹಾಕಿದ್ದು?" ಅಂತ ವಾರದಿಂದ ಊರೆಲ್ಲ ಕೇಳುತ್ತಿದ್ದೀಯ. ಸ್ಕೋರು ಬರೆಯುವವಳಿಗೂ ಮತ ಇದೆಯೆಂಬುದು ನಿನಗೆ ನೆನಪಾಗಲೇ ಇಲ್ಲ.

ಅಣ್ಣನ ಹೋಮ್ ರನ್‌ಗಳನ್ನೆಲ್ಲ ಬರೆದುಕೊಂಡವಳು ನಾನೇ. ಆದರೂ ನನ್ನ ಮತ ಕೊನೆಯ ಸ್ಥಾನದಲ್ಲಿರುವ ತಂಡದ ಓರಿನ್‌ಗೆ. ನಿನ್ನೆ ಊಟಕ್ಕೆ ಕೂತಾಗ ನೀನು ನಕ್ಕೆ: "ಅವನಿದ್ರೂ ಆ ತಂಡ ಕೊನೆ, ಇಲ್ಲದಿದ್ರೂ ಕೊನೆ. ಒಬ್ಬ ಇಲ್ಲದಿದ್ದಾಗ ಏನು ಕೆಡುತ್ತೆ ನೋಡು, ಅದೇ ಅವನ ಬೆಲೆ." ಅದಕ್ಕೆ ಅಣ್ಣ ನನ್ನ ಕಡೆ ಕೈ ತೋರಿಸಿ, "ಮಾರ್ನಿ ಸ್ಕೂಲು ಬಿಟ್ಟಾಗ ಸ್ಕೂಲಿಗೇನಾಯ್ತು, ಹಾಗೆ" ಅಂದ. ನೀನು ಇನ್ನೂ ಜೋರಾಗಿ ನಕ್ಕೆ.

ಓರಿನ್ ಪ್ರತಿ ಭಾನುವಾರ ಮನೆಮನೆಗೆ ಹೋಗಿ, ಮಲಗಿದ್ದ ಹುಡುಗರನ್ನು ಎಬ್ಬಿಸಿ, ತನ್ನ ಪಿಕಪ್ ಗಾಡಿಯಲ್ಲಿ ತುಂಬಿಕೊಂಡು ಬರದಿದ್ದರೆ ಆ ತಂಡ ಮೈದಾನಕ್ಕೇ ಇಳಿಯುತ್ತಿರಲಿಲ್ಲ. ಕೊನೆಯ ಸ್ಥಾನಕ್ಕೂ ಒಂಬತ್ತು ಜನ ಬೇಕಪ್ಪಾ. ಅವರು ಬಂದದ್ದರಿಂದಲೇ ಅಣ್ಣನಿಗೆ ಹೊಡೆಯಲು ಚೆಂಡು ಸಿಕ್ಕಿತು.

ಮತ ಬದಲಿಸುವುದಿಲ್ಲ. ಯಾರು ಕೇಳಿದರೂ ನನ್ನ ಹೆಸರು ಹೇಳು.

ಭಾನುವಾರ ಫೈನಲ್ ಇದೆ. ಗೆರೆ ಎಳೆಯುವ ಸುಣ್ಣ ಶೆಡ್ಡಿನಲ್ಲಿದೆ, ತೇವ ತಾಗದಂತೆ ನೋಡಿಕೋ. ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬಕ್ಕೆ ಹಿಂದಿನ ಸಂಜೆಯೇ ನೀರು ಹಾಕಬೇಕು. ಇಷ್ಟು ವರ್ಷ ಅದನ್ನು ಯಾರು ಹಾಕುತ್ತಿದ್ದರು ಅಂತ ನೀನು ಕೇಳಿದ್ದಿಲ್ಲ. ಫಾರ್ಗೋ ನಗರದ ಮೈದಾನದಲ್ಲಿ ನನಗೆ ಇದೇ ಕೆಲಸ ಸಿಕ್ಕಿದೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ನಿನ್ನ ಮಗಳು,
ಮಾರ್ನಿ